ಐದು ವರ್ಷದ ಮಗಳಿಗೆ ವಿನ್ನಿಪೆಗ್ ಚಳಿಯ ಜಾಕೆಟ್

ಜನವರಿ ಮೊದಲ ವಾರ ಕೆನಡಾದ ವಿನ್ನಿಪೆಗ್‌ಗೆ ಬರುತ್ತಿದ್ದೇವೆ, ಐದು ವರ್ಷದ ಮಗಳ ಜಾಕೆಟ್ ಬೆಂಗಳೂರಲ್ಲೇ ತೆಗೆದುಕೊಳ್ಳಲಾ, ಅಲ್ಲಿಗೆ ಬಂದ ಮೇಲಾ ಅಂತ ಕೇಳಿದ್ದೀರಿ. ಬೆಂಗಳೂರಲ್ಲಿ ಬೇಡ. ಅಲ್ಲಿ ಒಳ್ಳೆಯದು ಸಿಗುವುದಿಲ್ಲ ಅಂತಲ್ಲ. ಅಲ್ಲಿ ಚಳಿಯನ್ನು ಊಹಿಸಿಕೊಂಡು ಕೊಳ್ಳಬೇಕಾಗುತ್ತದೆ, ಆ ಊಹೆ ತಪ್ಪುತ್ತದೆ. ಬೆಂಗಳೂರಲ್ಲಿ ಇದುವರೆಗೆ ದಾಖಲಾದ ಅತಿ ಹೆಚ್ಚು ಚಳಿ ಅಂದರೆ 1884ರ ಜನವರಿಯ 7.8 ಡಿಗ್ರಿ. ಇಲ್ಲಿ ಏಪ್ರಿಲ್‌ನಲ್ಲಿ ಅಷ್ಟು ಬಂದರೆ ಮಕ್ಕಳು ಜಾಕೆಟ್ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಂಡು ಓಡುತ್ತಾರೆ. ಜನವರಿ ರಾತ್ರಿ ಮೈನಸ್ 20 ಇಲ್ಲಿ ಮಾಮೂಲು. ಮೈನಸ್ 30 ಆದರೂ ಸ್ಕೂಲು ಇದ್ದೇ ಇರುತ್ತದೆ.

ನಾನೂ ಊಹಿಸಿಯೇ ಕೊಂಡಿದ್ದೆ. ಬೆಳೆಯುವ ಹುಡುಗ, ಎರಡು ವರ್ಷ ಬರಲಿ ಅಂತ ಮಗನಿಗೆ ಎರಡು ಸೈಜು ದೊಡ್ಡದು. ಊರಲ್ಲಿ ಯೂನಿಫಾರಂ ಹೊಲಿಸುವಾಗ ಒಳಗೆ ಬಟ್ಟೆ ಬಿಡಿಸುತ್ತೇವಲ್ಲ, ಅದೇ ಲೆಕ್ಕ. ಒಳಗೆ ಕಾಟನ್ ಬನಿಯನ್, ಕಾಟನ್ ಶರ್ಟು, ಮೇಲೆ ಅಜ್ಜಿ ಹೆಣೆದ ಸ್ವೆಟರ್. ಹಿಮದಲ್ಲಿ ಹತ್ತು ನಿಮಿಷ ಕುಣಿದು ಬೆವೆತ. ಕಾಟನ್ ಆ ಬೆವರನ್ನೆಲ್ಲ ಹೀರಿಕೊಂಡು ಹಾಗೇ ಹಿಡಿದುಕೊಂಡಿತು. ಕುಣಿತ ನಿಲ್ಲಿಸಿದ್ದೇ ತಡ, ಗಡಗಡ ನಡುಗಲು ಶುರು. ಜಾಕೆಟ್ಟಿನ ಕೆಳಗಿಂದ ಗಾಳಿ ಬೇರೆ ನುಗ್ಗುತ್ತಿತ್ತು. ಅಷ್ಟು ದಪ್ಪದ್ದು ಹಾಕಿಯೂ ಚಳಿ ಯಾಕೆ ಅಂತ ನನಗೆ ಆಗ ಅರ್ಥವೇ ಆಗಲಿಲ್ಲ.

ಬಟ್ಟೆ ಸ್ವತಃ ಬಿಸಿ ಕೊಡುವುದಿಲ್ಲ, ಮೈಯ ಬಿಸಿಯನ್ನು ಗಾಳಿಯ ಪದರದಲ್ಲಿ ಹಿಡಿದಿಡುತ್ತದೆ. ಒದ್ದೆಯಾದರೆ ಆ ಪದರ ಹೋಯಿತು. ಅದಕ್ಕೇ ಮೈಗೆ ತಾಗುವ ಬಟ್ಟೆ ಪಾಲಿಯೆಸ್ಟರ್ ಥರ್ಮಲ್ ಅಥವಾ ಮೆರಿನೋ ಉಣ್ಣೆಯದಿರಲಿ, ಅದರ ಮೇಲೆ ಫ್ಲೀಸ್ ಅನ್ನುವ ಮೆತ್ತನೆಯ ಸಿಂಥೆಟಿಕ್ ಬಟ್ಟೆಯ ಅಂಗಿ, ಆಮೇಲೆ ಜಾಕೆಟ್. ಜಾಕೆಟ್ ಒಂದು ಸೈಜು ದೊಡ್ಡದಾದರೆ ಸಾಕು. ಅಜ್ಜಿಯ ಸ್ವೆಟರ್ ತನ್ನಿ, ಮನೆಯೊಳಗೆ ಹಾಕಬಹುದು.

ಡೌನ್ ಒಳ್ಳೆಯದಾ ಅಂತಲೂ ಕೇಳಿದ್ದೀರಿ. ಡೌನ್ ಅಂದರೆ ಬಾತಿನ ಮೈಯ ಸಣ್ಣ ತುಪ್ಪಳ. ಹಗುರ, ತುಂಬಾ ಬೆಚ್ಚಗೆ, ಬೆಲೆಯೂ ಜಾಸ್ತಿ. ಆದರೆ ನೆನೆದರೆ ಮುದ್ದೆಯಾಗುತ್ತದೆ. ಐದು ವರ್ಷದ ಮಗು ಹಿಮದಲ್ಲಿ ನಡೆಯುವುದಿಲ್ಲ, ಉರುಳುತ್ತದೆ. ಹಾಗಾಗಿ ಸಿಂಥೆಟಿಕ್ ತುಂಬಿದ, ಮೇಲ್ಬಟ್ಟೆ ನೀರಿಗೆ ಜಗ್ಗದ ಜಾಕೆಟ್ ಸಾಕು. ಲೇಬಲ್ ಮೇಲೆ ಮೈನಸ್ 30 ಅಂತ ಬರೆದಿರುತ್ತಾರೆ. ಒಂದು ಅಂದಾಜಿಗೆ ನೋಡಿ, ತೀರಾ ನಂಬಬೇಡಿ. ಓಡುವ ಮಗುವಿಗೂ ಬಸ್‌ಸ್ಟಾಪಲ್ಲಿ ನಿಂತ ಮಗುವಿಗೂ ಚಳಿ ಒಂದೇ ಅಲ್ಲ.

ದಪ್ಪದ ಮಾತು ಇಲ್ಲಿಗೆ ಸಾಕು. ನಾನು ಮುಖ್ಯವಾಗಿ ಹೇಳಬೇಕಾದದ್ದು ಬೇರೆ. ಆ ಜಾಕೆಟ್ಟನ್ನು ನಿಮ್ಮ ಮಗಳು ತಾನೇ ಹಾಕಿಕೊಳ್ಳಬೇಕು. ಇಲ್ಲಿನ ಸ್ಕೂಲುಗಳಲ್ಲಿ ಬಿಡುವಿನ ಹೊತ್ತಿಗೆ ಮಕ್ಕಳನ್ನು ಹೊರಗೆ ಬಿಡುತ್ತಾರೆ. ಗಾಳಿಯಿಂದ ಹೆಚ್ಚುವ ಚಳಿಯ ಲೆಕ್ಕ ಸೇರಿ ಮೈನಸ್ 27ರ ಆಸುಪಾಸಿಗೆ ಇಳಿದರಷ್ಟೇ ಒಳಗೆ ಕೂರಿಸುವುದು. ಅದು ಸುಮ್ನೆ ಇಟ್ಟ ಗೆರೆಯಲ್ಲ. ಅದೇ ಲೆಕ್ಕದಲ್ಲಿ ಮೈನಸ್ 28 ದಾಟಿದರೆ ತೆರೆದ ಚರ್ಮ 10ರಿಂದ 30 ನಿಮಿಷದಲ್ಲಿ ಹೆಪ್ಪುಗಟ್ಟಬಹುದು ಅಂತ ಕೆನಡಾದ ಹವಾಮಾನ ಇಲಾಖೆ ಹೇಳುತ್ತದೆ. ಕ್ಲಾಸಿನಲ್ಲಿ ಇಪ್ಪತ್ತು ಮಕ್ಕಳು, ಟೀಚರ್ ಒಬ್ಬರೇ. ನಿಮ್ಮ ಮಗಳ ಜಿಪ್ಪು ಎಳೆಯಲು ಅವರು ಬರುವಷ್ಟರಲ್ಲಿ ಆಟವೇ ಮುಗಿದಿರುತ್ತದೆ.

ಅದಕ್ಕೇ ಅಂಗಡಿಗೆ ಮಗಳನ್ನು ಕರೆದುಕೊಂಡು ಹೋಗಿ, ನೀವು ಕೈ ಹಚ್ಚಬೇಡಿ. ಅವಳೇ ಹಾಕಿಕೊಳ್ಳಲಿ, ಅವಳೇ ಜಿಪ್ಪು ಎಳೆಯಲಿ. ಜಿಪ್ಪು ದಪ್ಪ ಹಲ್ಲಿನದಿರಲಿ, ಅದರ ತುದಿಯ ಪಟ್ಟಿ ಕೈಗವಸು ಹಾಕಿಯೂ ಹಿಡಿಯುವಷ್ಟು ಉದ್ದವಿರಲಿ. ತೋಳಿನ ತುದಿಯಲ್ಲಿ ಎಲಾಸ್ಟಿಕ್ ಬೇಕು, ಇಲ್ಲದಿದ್ದರೆ ಹಿಮ ಮೊಣಕೈವರೆಗೂ ಹೋಗುತ್ತದೆ. ಕುತ್ತಿಗೆ ಹತ್ತಿರ ದಾರ ಇರುವ ಜಾಕೆಟ್ ಬೇಡವೇ ಬೇಡ, ಜಾರುಬಂಡೆಗೆ ಸಿಕ್ಕಿಕೊಳ್ಳುತ್ತದೆ. ಮಫ್ಲರ್ ಕೂಡ ಹಾಗೇ, ಬದಲಿಗೆ ತಲೆಯಿಂದ ತೂರಿಸುವ ಕುತ್ತಿಗೆ ಪಟ್ಟಿ ಸಿಗುತ್ತದೆ. ಬಣ್ಣ ಕಣ್ಣಿಗೆ ಹೊಡೆಯುವಂಥದ್ದಿರಲಿ. ಡಿಸೆಂಬರಿನಲ್ಲಿ ನಾಲ್ಕೂವರೆಗೆಲ್ಲ ಸೂರ್ಯ ಮುಳುಗಿರುತ್ತಾನೆ.

ಇಲ್ಲಿನ ಡೇಕೇರ್‌ಗಳಲ್ಲಿ ಕಲಿಸುವ ಒಂದು ಉಪಾಯ ಇದೆ. ಜಾಕೆಟ್ಟನ್ನು ಒಳಭಾಗ ಮೇಲೆ ಬರುವಂತೆ ನೆಲದ ಮೇಲೆ ಹಾಸಬೇಕು, ಜಾಕೆಟ್ಟಿಗೇ ಅಂಟಿಕೊಂಡಿರುವ ಟೋಪಿ ಮಗುವಿನ ಪಾದದ ಕಡೆಗೆ. ಮಗು ಬಗ್ಗಿ ಎರಡೂ ಕೈ ತೋಳಿಗೆ ತೂರಿಸಿ, ಇಡೀ ಜಾಕೆಟ್ಟನ್ನು ತಲೆಯ ಮೇಲಿಂದ ಹಿಂದಕ್ಕೆ ಎಸೆಯಬೇಕು. ಕೂತುಬಿಡುತ್ತದೆ! ನೋಡುವುದಕ್ಕೂ ಚೆಂದ. ಒಂದು ವಾರ ಮನೆಯಲ್ಲಿ ಆಟದ ಥರ ಮಾಡಿಸಿ. ಕ್ರಮವೂ ಬಾಯಿಪಾಠ ಆಗಲಿ: ಸ್ನೋಪ್ಯಾಂಟ್, ಬೂಟು, ಜಾಕೆಟ್, ಟೋಪಿ, ಕೊನೆಗೆ ಕೈಗವಸು. ಕೈಗವಸು ಮೊದಲು ಹಾಕಿದರೆ ಮಿಕ್ಕಿದ್ದು ಯಾವುದೂ ಆಗುವುದಿಲ್ಲ.

ಕೈಗವಸು ಐದು ಬೆರಳಿನದು ಬೇಡ. ನಾಲ್ಕೂ ಬೆರಳು ಒಟ್ಟಿಗೆ ಇರುವ ಮಿಟ್ಸ್ ಬೆಚ್ಚಗಿರುತ್ತವೆ. ಎರಡು ಜೊತೆ ಕೊಂಡು ಒಂದನ್ನು ಸ್ಕೂಲ್ ಬ್ಯಾಗಲ್ಲೇ ಇಡಿ, ಹೆಸರು ಬರೆದು. ಬೂಟಿನ ಒಳಗಿನ ಲೈನರ್ ಹೊರಗೆ ಬರುವಂತಿರಬೇಕು, ರಾತ್ರಿ ಒಣಗಿಸಲು. ಜಾಕೆಟ್ಟಿಗೆ ಹಣ ಸುರಿದು ಬೂಟಿಗೆ ಜಿಪುಣತನ ಮಾಡಿದವರನ್ನು ತುಂಬಾ ನೋಡಿದ್ದೇನೆ. ಮಕ್ಕಳು ಅಳುವುದು ಯಾವಾಗಲೂ ಕೈಕಾಲು ತಣ್ಣಗಾಗಿ.

ಇನ್ನೊಂದು, ಕಾರಿನಲ್ಲಿ ದಪ್ಪ ಜಾಕೆಟ್ ಮೇಲೆ ಸೀಟಿನ ಬೆಲ್ಟು ಹಾಕಬೇಡಿ. ಬಿಗಿಯಾಗಿದೆ ಅನ್ನಿಸುತ್ತದೆ, ಗುದ್ದಿದಾಗ ಜಾಕೆಟ್ ಅಮುಕಿಕೊಂಡು ಬೆಲ್ಟು ಸಡಿಲವಾಗುತ್ತದೆ. ಫ್ಲೀಸ್ ಮೇಲೆ ಬೆಲ್ಟು ಬಿಗಿದು, ಜಾಕೆಟ್ಟನ್ನು ಮೇಲೆ ಹೊದಿಸಿ.

ಹೊಸದೇ ಬೇಕು ಅಂತಿಲ್ಲ. ಒಂದೇ ಚಳಿಗಾಲಕ್ಕೆ ಮಗು ಬೆಳೆದುಬಿಡುತ್ತದೆ, ವ್ಯಾಲ್ಯೂ ವಿಲೇಜ್ ಥರದ ಸೆಕೆಂಡ್‌ಹ್ಯಾಂಡ್ ಅಂಗಡಿಗಳಲ್ಲಿ ಒಳ್ಳೊಳ್ಳೆಯವೇ ಇರುತ್ತವೆ. ನಾಚಿಕೆ ಬೇಡ, ಇಲ್ಲಿನವರೂ ಅಲ್ಲೇ ಕೊಳ್ಳುತ್ತಾರೆ.

ಇಳಿಯುವ ದಿನಕ್ಕೆ ಏನು ಅಂದಿರಾ? ವಿಮಾನದಲ್ಲಿ ಥರ್ಮಲ್, ಸ್ವೆಟರ್, ಕಿವಿ ಮುಚ್ಚುವ ಕುಲಾವಿ ಸಾಕು. ಮಗಳ ಎತ್ತರ, ಪಾದದ ಅಳತೆ ಕಳಿಸಿ. ನಮ್ಮ ಬೇಸ್‌ಮೆಂಟಲ್ಲಿ ಮಗನ ಹಳೆಯ ಜಾಕೆಟ್ಟುಗಳು ಮೂರಿವೆ, ಹೊಂದುವುದನ್ನು ಏರ್‌ಪೋರ್ಟಿಗೆ ತರುತ್ತೇನೆ. ಕೆಂಪನೆಯದರ ಜಿಪ್ಪು ಸ್ವಲ್ಪ ಗಟ್ಟಿ. ಅಷ್ಟರೊಳಗೆ ಮೇಣದಬತ್ತಿ ಉಜ್ಜಿಡುತ್ತೇನೆ.