ಆಧ್ಯಾತ್ಮಕ್ಕೆ ಐದು ಇಂದ್ರಿಯಗಳಾಚೆಯ ಅರಿವು ಬೇಕೇ ಬೇಕಾ?

ಬೇಕಿಲ್ಲ ಅನ್ನುವುದು ನನ್ನ ಉತ್ತರ. ಮೊದಲಿಗೆ, ಇಂದ್ರಿಯ ಐದೇ ಅನ್ನುವ ಲೆಕ್ಕವೇ ಅಷ್ಟು ಸರಿಯಿಲ್ಲ. ಕಣ್ಣು ಮುಚ್ಚಿಕೊಂಡು ಮೂಗಿನ ತುದಿ ಮುಟ್ಟಿ ನೋಡಿ. ಬೆರಳು ಹೆಚ್ಚುಕಡಿಮೆ ಅಲ್ಲಿಗೇ ಹೋಗುತ್ತದೆ. ಕೈ ಎಲ್ಲಿದೆ ಎಂದು ಸ್ನಾಯು, ಕೀಲುಗಳಿಂದ ಮಿದುಳಿಗೆ ಸುದ್ದಿ ಹೋಗುತ್ತಲೇ ಇರುತ್ತದೆ. ದೇಹ ವಾಲಿದರೆ ಒಳಕಿವಿ ಹೇಳುತ್ತದೆ. ಹಸಿವು ಗೊತ್ತಾಗುವುದೂ ಈ ಐದರಿಂದ ಅಲ್ಲ. ಇದರಲ್ಲಿ ಪವಾಡ ಏನೂ ಇಲ್ಲ, ಅಲ್ವಾ? ಬೌದ್ಧರಂತೂ ಮನಸ್ಸನ್ನೇ ಆರನೆಯ ಇಂದ್ರಿಯ ಎಂದು ಎಣಿಸಿದ್ದಾರೆ.

ನೀವು ಕೇಳುತ್ತಿರುವುದು ದೂರದ್ದು ಕಾಣುವುದು, ಬೇರೆಯವರ ಮನಸ್ಸು ಓದುವುದು, ಇಂಥದ್ದಾದರೆ ಪತಂಜಲಿಯ ಯೋಗಸೂತ್ರದ ಮೂರನೇ ಪಾದ ನೋಡಿ. ಅಲ್ಲಿ ಇಂಥ ಸಿದ್ಧಿಗಳ ದೊಡ್ಡ ಪಟ್ಟಿಯೇ ಇದೆ. ಆದರೆ ಇವು ಸಮಾಧಿಗೆ ಅಡ್ಡಿ ಎಂದೂ ಅದೇ ಪಾದ ಹೇಳುತ್ತದೆ. (ತಮಾಷೆ ಎಂದರೆ, ಜನ ಪಟ್ಟಿ ನೆನಪಿಟ್ಟುಕೊಂಡು ಎಚ್ಚರಿಕೆ ಮರೆಯುತ್ತಾರೆ.) ಬೌದ್ಧ ಭಿಕ್ಷುಗಳ ನಿಯಮ ಇನ್ನೂ ಕಟ್ಟುನಿಟ್ಟು. ಇಲ್ಲದ ಸಿದ್ಧಿ ತನಗಿದೆ ಎಂದು ಬೇಕಂತಲೇ ಸುಳ್ಳು ಹೇಳಿದವನು ಸಂಘದಿಂದಲೇ ಹೊರಗೆ.

ಬೇಕಾದ್ದು ಗಮನ. ಸಿಟ್ಟು ಬರುವಾಗ ದವಡೆ ಬಿಗಿಯುತ್ತದೆ, ಉಸಿರು ಗಿಡ್ಡವಾಗುತ್ತದೆ. ಮಾತು ಬಾಯಿಂದ ಹೊರಡುವ ಮೊದಲೇ ಅದು ನಿಮಗೆ ಗೊತ್ತಾಗುತ್ತದಾ? ಅಷ್ಟು ಸಾಧಿಸಲಿಕ್ಕೇ ಹೆಚ್ಚಿನವರಿಗೆ ವರ್ಷಗಟ್ಟಲೆ ಹಿಡಿಯುತ್ತದೆ. ಉಸಿರು ನೋಡುತ್ತಾ ಕೂರುವ ಧ್ಯಾನಕ್ಕೂ ಸಾಕಾಗುವುದು ಮೂಗಿನ ಹೊಳ್ಳೆಗೆ ಗಾಳಿ ತಾಗುವ ಸ್ಪರ್ಶವೇ. ಹಾಗೆ ಕೂತಾಗ ಕೆಲವರಿಗೆ ಬೆಳಕು ಕಾಣುತ್ತದೆ, ಸದ್ದು ಕೇಳುತ್ತದೆ. ಬಂದರೆ ಬರಲಿ, ಸುಮ್ನೆ ಅದರ ಹಿಂದೆ ಹೋಗಬೇಡಿ.