ಕೆಲಸ ಕೊಡುವವರನ್ನೂ ವಿಚಾರಿಸಿಕೊಳ್ಳಬಹುದು

ಹಾವೇರಿ ಜಿಲ್ಲೆಯ ಓದುಗರೊಬ್ಬರ ಪತ್ರ (ಸಂಕ್ಷೇಪಿಸಿದ್ದು): ಬಿ.ಕಾಂ. ಮುಗಿಸಿದ ನನ್ನ ಮಗಳು ವರ್ಗೀಕೃತ ಜಾಹೀರಾತುಗಳ ಜಾಲತಾಣವೊಂದರಲ್ಲಿ ‘ಮನೆಯಿಂದಲೇ ಡೇಟಾ ಎಂಟ್ರಿ, ಅನುಭವ ಬೇಕಿಲ್ಲ, ತಿಂಗಳಿಗೆ 28,000 ರೂಪಾಯಿ’ ಎಂಬ ಪ್ರಕಟಣೆ ನೋಡಿ ಬಯೊಡೇಟಾ ಕಳಿಸಿದಳು. ಮರುದಿನವೇ ಆಯ್ಕೆಯಾಗಿದ್ದೀರಿ ಎಂದು ವಾಟ್ಸ್‌ಆ್ಯಪ್ ಸಂದೇಶ ಬಂತು. ಆಧಾರ್, ಪ್ಯಾನ್, ಪಾಸ್‌ಬುಕ್ಕಿನ ಫೋಟೊ ಕೇಳಿದರು, ಆಧಾರ್ ಕಳಿಸಿಯಾಗಿದೆ. ಈಗ 1,850 ರೂಪಾಯಿ ನೋಂದಣಿ ಶುಲ್ಕ ಕಟ್ಟಿ, ಮೊದಲ ಸಂಬಳದೊಂದಿಗೆ ಮರಳಿಸುತ್ತೇವೆ ಎನ್ನುತ್ತಿದ್ದಾರೆ. ಹೆಚ್ಚು ಪ್ರಶ್ನೆ ಕೇಳಿದರೆ ಬೇಸರಪಟ್ಟು ಬೇರೆಯವರಿಗೆ ಕೆಲಸ ಕೊಟ್ಟುಬಿಟ್ಟಾರೆಂಬ ಅಂಜಿಕೆ ನಮಗೆ. ಇಂಥ ತಾಣಗಳಲ್ಲಿ ಅರ್ಜಿ ಹಾಕುವುದೇ ತಪ್ಪೇ?

ಸಂಪಾದಕರ ಉತ್ತರ: ಹಣ ಕಟ್ಟಬೇಡಿ ಎಂದು ತಮಗೆ ದೂರವಾಣಿಯಲ್ಲಿ ಆಗಲೇ ತಿಳಿಸಿದ್ದೇವೆ. ಇದೇ ಬಗೆಯ ಸಂದೇಶಗಳು ಇನ್ನೂ ಅನೇಕ ಓದುಗರ ಮನೆಗೆ ಬರುತ್ತಿರುವುದರಿಂದ ಕಾರಣಗಳನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತಿದ್ದೇವೆ.

ಅರ್ಜಿ ಹಾಕಿದ್ದು ತಪ್ಪಲ್ಲ. ಓಎಲ್‌ಎಕ್ಸ್, ಕ್ವಿಕರ್ ಮೊದಲಾದ ತಾಣಗಳಲ್ಲಿ ಸಣ್ಣ ಕಚೇರಿಗಳು, ಅಂಗಡಿಗಳು, ಹೋಟೆಲುಗಳು ತಮಗೆ ಬೇಕಾದ ಚಾಲಕರನ್ನೂ ಲೆಕ್ಕ ಬರೆಯುವವರನ್ನೂ ಸ್ವಾಗತಕಾರರನ್ನೂ ಹುಡುಕುವುದು ನಿಜ. ದೊಡ್ಡ ಉದ್ಯೋಗ ಮೇಳಗಳಲ್ಲಿ ಸಿಗದ ಇಂಥ ಕೆಲಸಗಳು ಊರಿನ ಸಮೀಪದಲ್ಲೇ ಸಿಗುವುದು ಬಹುಮಟ್ಟಿಗೆ ಇಲ್ಲಿಯೇ. ಆದರೆ ಆ ತಾಣಗಳು ಜಾಹೀರಾತಿಗೆ ಜಾಗ ಕೊಡುತ್ತವೆಯೇ ಹೊರತು ಜಾಹೀರಾತುದಾರನಿಗೆ ಜಾಮೀನು ನಿಲ್ಲುವುದಿಲ್ಲ. ‘ಪರಿಶೀಲಿತ’ ಎಂಬ ಗುರುತು ಅನೇಕ ವೇಳೆ ಆತನ ಮೊಬೈಲ್ ಸಂಖ್ಯೆಯೊಂದು ಪರೀಕ್ಷೆಯಾಗಿದೆ ಎಂಬುದನ್ನಷ್ಟೇ ಹೇಳುತ್ತದೆ.

ತಮ್ಮ ಪತ್ರದಲ್ಲಿ ನಮ್ಮನ್ನು ಹೆಚ್ಚು ಕಾಡಿದ ಮಾತು ಶುಲ್ಕದ್ದಲ್ಲ, ಪ್ರಶ್ನೆ ಕೇಳಿದರೆ ಅವರು ಬೇಸರಪಟ್ಟಾರೆಂಬ ಅಂಜಿಕೆಯದು. ಕೆಲಸ ಕೇಳುವವರು ತಲೆತಗ್ಗಿಸಿ ನಿಲ್ಲಬೇಕು, ಕೊಡುವವರು ಹೇಳಿದ್ದಕ್ಕೆಲ್ಲ ಹೂಂ ಎನ್ನಬೇಕು ಎಂಬ ನಡವಳಿಕೆಯನ್ನು ನಾವು ಮಕ್ಕಳಿಗೆ ವಿನಯದ ಹೆಸರಿನಲ್ಲಿ ಕಲಿಸಿದ್ದೇವೆ, ಮತ್ತು ವಂಚಕರು ತಂತ್ರಜ್ಞಾನಕ್ಕಿಂತ ಹೆಚ್ಚಾಗಿ ನೆಚ್ಚಿಕೊಂಡಿರುವುದು ಈ ವಿನಯವನ್ನೇ. ನಿಜವಾದ ಮಾಲೀಕನಿಗೆ ಕಚೇರಿ ಎಲ್ಲಿದೆ, ಸಂಸ್ಥೆಯ ಪೂರ್ಣ ಹೆಸರೇನು, ನೇಮಕದ ಆದೇಶಕ್ಕೆ ಯಾರು ಸಹಿ ಹಾಕುತ್ತಾರೆ ಎಂದು ಕೇಳಿದರೆ ಅವನು ದಿನವೂ ಕೊಡುವ ಉತ್ತರಗಳನ್ನೇ ಕೊಡುತ್ತಾನೆ. ಆ ಪ್ರಶ್ನೆಗಳಿಗೆ ಸಿಡುಕುವವನ, ‘ನಂಬಿಕೆ ಇಲ್ಲದಿದ್ದರೆ ಬಿಡಿ, ಸೀಟು ಇನ್ನೊಬ್ಬರಿಗೆ ಕೊಡುತ್ತೇವೆ’ ಎನ್ನುವವನ ಕೆಲಸ ತಪ್ಪಿಹೋದರೆ ನಷ್ಟವೇನೂ ಇಲ್ಲ.

ಮೊದಲ ಉತ್ತರದಲ್ಲಿ ಏನನ್ನು ಕಳಿಸಬೇಕು ಎಂಬುದನ್ನು ನೋಡೋಣ. ನಮ್ಮಲ್ಲಿ ಬಯೊಡೇಟಾ ಬರೆಯುವ ಪದ್ಧತಿ ಹಳೆಯ ಸರ್ಕಾರಿ ಅರ್ಜಿಯ ಅಚ್ಚಿನಲ್ಲೇ ಉಳಿದಿದೆ: ತಂದೆಯ ಹೆಸರು, ಜನ್ಮದಿನಾಂಕ, ಜಾತಿ, ವೈವಾಹಿಕ ಸ್ಥಿತಿ, ಬಾಗಿಲ ಸಂಖ್ಯೆಯ ಸಮೇತ ಕಾಯಂ ವಿಳಾಸ, ಕೊನೆಯಲ್ಲಿ ‘ಮೇಲ್ಕಂಡ ವಿವರಗಳು ಸತ್ಯ’ ಎಂಬ ಘೋಷಣೆಯ ಕೆಳಗೆ ಸಹಿ, ಪಕ್ಕದಲ್ಲಿ ಭಾವಚಿತ್ರ. ಇನ್ನೊಬ್ಬರ ಹೆಸರಿನಲ್ಲಿ ಸಾಲ ಎತ್ತಲು ಹೊರಟವನಿಗೆ ಇದಕ್ಕಿಂತ ಹೆಚ್ಚಿನದೇನು ಬೇಕು? ಅಪರಿಚಿತ ಜಾಹೀರಾತಿಗೆ ಕಳಿಸುವ ಪ್ರತಿಯಲ್ಲಿ ಹೆಸರು, ಊರು, ವಿದ್ಯಾರ್ಹತೆ, ಅನುಭವ, ಒಂದು ಇಮೇಲ್ ವಿಳಾಸ ಇದ್ದರೆ ಸಾಕು. ಆ ಇಮೇಲ್ ಬ್ಯಾಂಕಿಗೆ ಕೊಟ್ಟಿರುವುದಕ್ಕಿಂತ ಬೇರೆಯಾಗಿರಲಿ. ಆಧಾರ್, ಪ್ಯಾನ್, ಬ್ಯಾಂಕ್ ಖಾತೆಯ ವಿವರಗಳು ನೇಮಕದ ಆದೇಶ ಕೈಗೆ ಬಂದು, ಸಂಸ್ಥೆ ನಿಜವೆಂದು ಖಚಿತವಾದ ಮೇಲೆ ಕೊಡುವಂಥವು. ಆಗಲೂ ಕೊನೆಯ ನಾಲ್ಕು ಅಂಕಿಗಳು ಮಾತ್ರ ಕಾಣುವ ಆಧಾರ್ ಪ್ರತಿಯನ್ನು ಆಧಾರ್ ನೀಡುವ ಪ್ರಾಧಿಕಾರವಾದ ಯುಐಡಿಎಐ ತಾಣದಿಂದ ಇಳಿಸಿಕೊಂಡು, ಯಾವ ಸಂಸ್ಥೆಗೆ, ಯಾವ ಉದ್ದೇಶಕ್ಕೆ, ಯಾವ ದಿನ ಕೊಟ್ಟದ್ದು ಎಂದು ಪ್ರತಿಯ ಮೇಲೆ ಅಡ್ಡಲಾಗಿ ಬರೆದು ಕೊಡುವುದು ಒಳ್ಳೆಯದು. ಮೂಲ ಅಂಕಪಟ್ಟಿಗಳನ್ನಂತೂ ಯಾರ ವಶಕ್ಕೂ ಒಪ್ಪಿಸಬಾರದು.

ಸಂಸ್ಥೆಯನ್ನು ವಿಚಾರಿಸುವುದು ಕಷ್ಟವಲ್ಲ. ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಕಂಪನಿಯ ಹೆಸರು ಹಾಕಿದರೆ ಅದು ನೋಂದಣಿಯಾದ ವರ್ಷ, ವಿಳಾಸ, ಈಗಿನ ಸ್ಥಿತಿ ಕಾಣಿಸುತ್ತವೆ; ಜಿಎಸ್‌ಟಿ ತಾಣದಲ್ಲಿ ಅದರ 15 ಅಕ್ಷರಾಂಕಿಗಳ ಸಂಖ್ಯೆಯನ್ನು ಪರೀಕ್ಷಿಸಬಹುದು. ಇಲ್ಲಿ ಒಂದು ಎಚ್ಚರಿಕೆ ಬೇಕು. ಕಂಪನಿ ಇದೆ ಎಂದಮಾತ್ರಕ್ಕೆ ತಮ್ಮೊಡನೆ ಮಾತನಾಡುತ್ತಿರುವವನು ಆ ಕಂಪನಿಯವನೇ ಎಂದಾಗುವುದಿಲ್ಲ, ಏಕೆಂದರೆ ವಂಚಕರು ಬಳಸುವುದೇ ಹೆಸರುವಾಸಿ ಸಂಸ್ಥೆಗಳ ಲಾಂಛನವನ್ನು. ಆದ್ದರಿಂದ ಸಂದೇಶದಲ್ಲಿರುವ ಸಂಖ್ಯೆಗೆ ಕರೆ ಮಾಡದೆ, ಸಂಸ್ಥೆಯ ಸ್ವಂತ ತಾಣದಲ್ಲಿ ಕೊಟ್ಟಿರುವ ಸಂಖ್ಯೆಗೆ ಕರೆ ಮಾಡಿ ಇಂಥ ಹುದ್ದೆ ಖಾಲಿ ಇದೆಯೇ ಎಂದು ಕೇಳಬೇಕು. ಇನ್ಫೋಸಿಸ್, ಟಿಸಿಎಸ್‌ನಂಥ ಕಂಪನಿಗಳು ನೇಮಕಕ್ಕೆ ಯಾರಿಂದಲೂ ಹಣ ಪಡೆಯುವುದಿಲ್ಲವೆಂದು ತಮ್ಮ ತಾಣಗಳಲ್ಲೇ ಪ್ರಕಟಿಸಿವೆ.

ಹಣದ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ಸಂಬಳ ಮಾಲೀಕನಿಂದ ನೌಕರನ ಕಡೆಗೆ ಹರಿಯಬೇಕು. ಅದು ತಿರುಗಿ ಹರಿಯತೊಡಗಿದರೆ, ಅದಕ್ಕೆ ನೋಂದಣಿ, ತರಬೇತಿ, ಸಮವಸ್ತ್ರ, ಗೇಟ್ ಪಾಸ್, ಲ್ಯಾಪ್‌ಟಾಪ್ ಠೇವಣಿ ಎಂದು ಯಾವ ಹೆಸರಿಟ್ಟರೂ ಅಲ್ಲಿಗೆ ಮಾತು ಮುಗಿಯಿತು. ‘ಸಂಬಳ ಕಳಿಸುತ್ತೇವೆ, ಯುಪಿಐ ಪಿನ್ ಒತ್ತಿ’ ಎಂದರೆ ಅದೂ ಸುಳ್ಳೇ, ಏಕೆಂದರೆ ಪಿನ್ ಬೇಕಾಗುವುದು ಹಣ ಕೊಡಲು, ಪಡೆಯಲು ಅಲ್ಲ.

ಡೇಟಾ ಎಂಟ್ರಿಯ ಬಲೆಗೆ ಎರಡನೆಯ ಸುತ್ತೊಂದಿದೆ. ಅದು ಶುಲ್ಕಕ್ಕಿಂತ ಕ್ರೂರವಾದುದು ಎಂಬ ಕಾರಣಕ್ಕೆ ವಿವರಿಸುತ್ತೇವೆ. ಕೆಲವರು ಮೊದಲು ಹಣವನ್ನೇ ಕೇಳುವುದಿಲ್ಲ. ಸ್ಟ್ಯಾಂಪ್ ಕಾಗದದಂತೆ ಕಾಣುವ ಕರಾರೊಂದಕ್ಕೆ ಮೊಬೈಲಿನಲ್ಲೇ ಸಹಿ ಹಾಕಿಸಿಕೊಂಡು, ಕೆಲವೇ ದಿನಗಳಲ್ಲಿ ನೂರಾರು ನಮೂನೆಗಳನ್ನು ತುಂಬುವ ಕೆಲಸ ಕೊಡುತ್ತಾರೆ. ಅಭ್ಯರ್ಥಿ ನಿದ್ದೆಗೆಟ್ಟು ಮುಗಿಸಿದ ಮೇಲೆ ‘ನಿಖರತೆ ಸಾಲದು, ಕರಾರು ಭಂಗವಾಗಿದೆ’ ಎಂಬ ವರದಿ ಬರುತ್ತದೆ. ಹಿಂದೆಯೇ ವಕೀಲನೆಂದು ಹೇಳಿಕೊಳ್ಳುವವನ ಕರೆ, ಅಶೋಕ ಸ್ತಂಭ ಅಂಟಿಸಿದ ‘ಕೋರ್ಟ್ ನೋಟಿಸ್’, ಇಂದೇ ಇಷ್ಟು ಸಾವಿರ ಕಟ್ಟದಿದ್ದರೆ ಪೊಲೀಸರು ಮನೆಗೆ ಬರುತ್ತಾರೆಂಬ ಬೆದರಿಕೆ. ಓದಿದ ಮಕ್ಕಳು ಕೂಡ ಮನೆಯಲ್ಲಿ ಹೇಳಲಾರದೆ ಗುಟ್ಟಾಗಿ ಹಣ ಕಟ್ಟುವುದು ಈ ಹಂತದಲ್ಲಿ. ಕಾನೂನಿನ ಸ್ಥಿತಿ ಹೀಗಿದೆ: ಮೋಸದಿಂದ ಪಡೆದ ಒಪ್ಪಿಗೆಯ ಕರಾರನ್ನು 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ ಮೋಸಹೋದವರು ರದ್ದುಪಡಿಸಿಕೊಳ್ಳಬಹುದು, ನಿಜವಾದ ಕರಾರೇ ಆಗಿದ್ದರೂ ಅದರ ಭಂಗ ಸಿವಿಲ್ ವ್ಯಾಜ್ಯವೇ ಹೊರತು ಅದಕ್ಕಾಗಿ ಪೊಲೀಸರು ಯಾರನ್ನೂ ಬಂಧಿಸುವುದಿಲ್ಲ. ದಾವೆ ಹೂಡಿದ್ದೇವೆ ಎನ್ನುವವರಿಂದ ಪ್ರಕರಣದ ಸಿಎನ್‌ಆರ್ ಸಂಖ್ಯೆಯನ್ನು (ಪ್ರತಿ ಪ್ರಕರಣಕ್ಕೂ ಇರುವ ಗುರುತಿನ ಸಂಖ್ಯೆ) ಕೇಳಿ ನ್ಯಾಯಾಲಯಗಳ ಇ-ಕೋರ್ಟ್ಸ್ ತಾಣದಲ್ಲಿ ಹುಡುಕಿದರೆ ನಿಜ ತಿಳಿಯುತ್ತದೆ. ವಕೀಲರೆನ್ನುವವರಿಂದ ವಕೀಲರ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿದರೆ ಸಾಮಾನ್ಯವಾಗಿ ಕರೆಯೇ ಕಡಿದುಹೋಗುತ್ತದೆ. ತಮ್ಮ ಮಗಳು ಇಂಥ ಕರಾರಿಗೆ ಇನ್ನೂ ಸಹಿ ಹಾಕಿಲ್ಲವಾದರೂ, ಮುಂದೆ ಅಂಥ ಕಡತ ಬಂದರೆ ತೆರೆದು ಸಹಿ ಮಾಡದಿರಲಿ. ‘ಆಫರ್ ಲೆಟರ್’ ಎಂಬ ಹೆಸರಿನಲ್ಲಿ ಎಪಿಕೆ ಕಡತ ಬಂದರೆ ಅದನ್ನು ಮುಟ್ಟುವುದೂ ಬೇಡ. ಅದು ಪತ್ರವಲ್ಲ, ಫೋನಿನೊಳಗೆ ಬರುವ ಸಂದೇಶಗಳನ್ನು ಕದಿಯಲು ಸ್ಥಾಪಿಸುವ ಆ್ಯಪ್.

ಇನ್ನೊಂದು ಬಗೆಯ ‘ಕೆಲಸ’ದಲ್ಲಿ ಅಭ್ಯರ್ಥಿಗೆ ಹಣ ಬರುತ್ತದೆ, ಹೋಗುವುದಿಲ್ಲ. ಖಾತೆಗೆ ಜಮೆಯಾದದ್ದನ್ನು ಇನ್ನೊಂದು ಖಾತೆಗೆ ಕಳಿಸಿ ಶೇಕಡಾ ಇಷ್ಟು ಕಮಿಷನ್ ಇಟ್ಟುಕೊಳ್ಳಿ ಎನ್ನುತ್ತಾರೆ. ಅದು ಬೇರೆಲ್ಲೋ ಮೋಸಹೋದವರ ಹಣ. ತನಿಖೆ ಆರಂಭವಾದಾಗ ಪೊಲೀಸರ ಕೈಗೆ ಮೊದಲು ಸಿಗುವುದು ಖಾತೆದಾರನ ಹೆಸರು, ಸ್ಥಗಿತಗೊಳ್ಳುವುದು ಅವನ ಖಾತೆ. ಹಣ ಕಳೆದುಕೊಂಡವರಿಗೆ ಸಹಾನುಭೂತಿಯಾದರೂ ಸಿಗುತ್ತದೆ. ಖಾತೆ ಬಾಡಿಗೆಗೆ ಕೊಟ್ಟವರು ಆರೋಪಿಯ ಸ್ಥಾನದಲ್ಲಿ ನಿಲ್ಲಬೇಕಾಗುತ್ತದೆ.

ಸಂದರ್ಶನಕ್ಕೆ ಕರೆದರೆ ಕಚೇರಿಗೆ, ಹಗಲಿನಲ್ಲಿ, ಮನೆಯವರಿಗೆ ವಿಳಾಸ ತಿಳಿಸಿ ಹೋಗಬೇಕು. ಲಾಡ್ಜಿನ ಕೋಣೆ, ಬಸ್ ನಿಲ್ದಾಣದಿಂದ ಕಾರಿನಲ್ಲಿ ಕರೆದೊಯ್ಯುವ ಏರ್ಪಾಡು, ಕೊನೆಯ ಗಳಿಗೆಯಲ್ಲಿ ಬದಲಾದ ಸ್ಥಳ, ಇವಕ್ಕೆ ಒಪ್ಪಬಾರದು. ಇದು ಹೆಣ್ಣುಮಕ್ಕಳಿಗೆ ಮಾತ್ರ ಹೇಳುವ ಮಾತಲ್ಲ: 2011ರಲ್ಲಿ ಅಮೆರಿಕದ ಒಹಾಯೊ ರಾಜ್ಯದಲ್ಲಿ ಕ್ರೇಗ್ಸ್‌ಲಿಸ್ಟ್ ತಾಣದಲ್ಲಿ ಜಮೀನು ನೋಡಿಕೊಳ್ಳುವ ಕೆಲಸವೆಂದು ಜಾಹೀರಾತು ಕೊಟ್ಟ ಪ್ರಕರಣದಲ್ಲಿ ಕೆಲಸದ ಆಸೆಗೆ ಹೋದ ಮೂವರು ಗಂಡಸರು ಕೊಲೆಯಾದರು, ಗುಂಡೇಟು ತಿಂದು ತಪ್ಪಿಸಿಕೊಂಡ ಇನ್ನೊಬ್ಬನಿಂದ ವಿಷಯ ಹೊರಬಿತ್ತು. ಒಂಟಿಯಾಗಿರುವ, ದೂರದ ಊರಿಗೆ ತಕ್ಷಣ ಹೊರಡಬಲ್ಲ ಗಂಡಸರನ್ನೇ ಆ ಜಾಹೀರಾತು ಅರಸುತ್ತಿತ್ತು.

ನಮ್ಮ ಕಡೆಯ ಉದಾಹರಣೆಗಳೂ ಹಗುರವಾದವಲ್ಲ. ಕಲಬುರಗಿ ಜಿಲ್ಲೆಯ ಕೆಲವು ಯುವಕರು ಭದ್ರತಾ ಸಿಬ್ಬಂದಿಯ ಕೆಲಸವೆಂದು ನಂಬಿ ರಷ್ಯಾಕ್ಕೆ ಹೋಗಿ, ಯುದ್ಧಭೂಮಿಯ ಹತ್ತಿರ ಸಿಕ್ಕಿಹಾಕಿಕೊಂಡ ಸುದ್ದಿ 2024ರ ಆರಂಭದಲ್ಲಿ ಹೊರಬಂತು. ಥಾಯ್ಲೆಂಡಿನಲ್ಲಿ ಕಂಪ್ಯೂಟರ್ ಕೆಲಸವೆಂದು ಹೋಗಿ ಮ್ಯಾನ್ಮಾರಿನ ಗಡಿ ಪಟ್ಟಣ ಮ್ಯಾವಡ್ಡಿಯ ಆವರಣಗಳಲ್ಲಿ ಬಂದಿಯಾಗಿ, ಬೇರೆಯವರನ್ನು ಆನ್‌ಲೈನಿನಲ್ಲಿ ವಂಚಿಸುವ ಕೆಲಸಕ್ಕೆ ತೊಡಗಿಸಲ್ಪಟ್ಟಿದ್ದ ಐನೂರಕ್ಕೂ ಹೆಚ್ಚು ಭಾರತೀಯರನ್ನು 2025ರ ಮಾರ್ಚಿನಲ್ಲಿ ವಾಯುಪಡೆಯ ವಿಮಾನಗಳಲ್ಲಿ ಕರೆತರಬೇಕಾಯಿತು. ವಿದೇಶದ ಕೆಲಸಕ್ಕೆ ಜನರನ್ನು ಕಳಿಸುವ ಏಜೆಂಟರು 1983ರ ವಲಸೆ ಕಾಯ್ದೆಯಡಿ ನೋಂದಣಿ ಪಡೆದಿರಬೇಕು. ಅವರ ಹೆಸರು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿ ಸಿಗುತ್ತದೆ. ಅವರು ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾ ಶುಲ್ಕಕ್ಕೆ 30,000 ರೂಪಾಯಿ ಮತ್ತು ಜಿಎಸ್‌ಟಿ ಎಂಬ ಮಿತಿ ಇದೆ, ರಸೀತಿ ಕೊಡಲೇಬೇಕು. ‘ಈಗ ಪ್ರವಾಸಿ ವೀಸಾದಲ್ಲಿ ಹೋಗಿ, ಅಲ್ಲಿ ಬದಲಿಸಿಕೊಳ್ಳೋಣ’ ಎನ್ನುವವರ ಜೊತೆ ವಿಮಾನ ಹತ್ತಬಾರದು.

ಕೊನೆಯದಾಗಿ, ಕಳಿಸಿಬಿಟ್ಟಿರುವ ಆಧಾರ್ ಪ್ರತಿಯ ವಿಷಯ. ಗಾಬರಿಯಾಗಬೇಕಿಲ್ಲ, ಆ ಫೋಟೊ ಒಂದರಿಂದಲೇ ಖಾತೆಯ ಹಣ ತೆಗೆಯಲಾಗುವುದಿಲ್ಲ. ಆದರೂ ಯುಐಡಿಎಐ ತಾಣದಲ್ಲಿ ಬೆರಳಚ್ಚು ಮತ್ತಿತರ ಬಯೊಮೆಟ್ರಿಕ್‌ಗಳಿಗೆ ಬೀಗ ಹಾಕಿಸಿಡಿ. ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದಲ್ಲಿ ಮಗಳ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆ ಎಂದು ನೋಡಿ, ತನ್ನದಲ್ಲದ ಸಂಖ್ಯೆ ಕಂಡರೆ ಅಲ್ಲಿಯೇ ವರದಿ ಮಾಡಲಿ. ಕೆಲವು ತಿಂಗಳ ನಂತರ ಆಕೆಯ ಹೆಸರಿನಲ್ಲಿರುವ ಸಾಲಗಳನ್ನು ತೋರಿಸುವ ಕ್ರೆಡಿಟ್ ವರದಿಯನ್ನೂ ತರಿಸಿ ನೋಡಿ. ವರ್ಷಕ್ಕೊಮ್ಮೆ ಅದು ಉಚಿತ. ಆ ವಾಟ್ಸ್‌ಆ್ಯಪ್ ಸಂಖ್ಯೆಯನ್ನು ತಡೆಯುವ ಮೊದಲು ಜಾಹೀರಾತು, ಸಂದೇಶಗಳು, ಹಣ ಕಟ್ಟಲು ಕೊಟ್ಟ ಯುಪಿಐ ವಿಳಾಸ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಜಾಹೀರಾತಿನ ವಿರುದ್ಧ ಆ ತಾಣಕ್ಕೂ ದೂರು ಕೊಡಿ. ಒಂದು ವೇಳೆ ನಮ್ಮ ಮಾತು ತಲುಪುವ ಮೊದಲೇ ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಕ್ಷಣ ಕರೆ ಮಾಡಬೇಕು, ಏಕೆಂದರೆ ಹಣ ಖಾತೆಯಿಂದ ಖಾತೆಗೆ ಜಿಗಿದು ನಗದಾಗುವ ಮೊದಲು ಅದನ್ನು ತಡೆಹಿಡಿಯಲು ಆ ಸಹಾಯವಾಣಿಯ ಮೂಲಕ ಬ್ಯಾಂಕುಗಳಿಗೆ ಸೂಚನೆ ಹೋಗುತ್ತದೆ. ನಂತರ ರಾಷ್ಟ್ರೀಯ ಸೈಬರ್ ಅಪರಾಧ ವರದಿ ತಾಣದಲ್ಲಿ, ಇಲ್ಲವೇ ಹಾವೇರಿಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಯಲ್ಲಿ ಲಿಖಿತ ದೂರು ದಾಖಲಿಸಬಹುದು. ಮೊತ್ತ 1,850 ರೂಪಾಯಿ ಮಾತ್ರ ಎಂದು ಸುಮ್ಮನಾಗಬೇಡಿ. ಅದೇ ಯುಪಿಐ ವಿಳಾಸದ ಮೇಲೆ ಬೇರೆ ಊರುಗಳಿಂದಲೂ ದೂರು ಬಂದಿರುವ ಸಾಧ್ಯತೆ ಇರುತ್ತದೆ.