ಆರ್‌ಒ ಕೊಳ್ಳುವ ಮುಂಚೆ ನೀರು ಎಲ್ಲಿಂದ ಬರುತ್ತಿದೆ ನೋಡಿ

ಪ್ರಶ್ನೆ: ಸರ್, ನಮ್ಮ ಮನೆ ಹುಬ್ಬಳ್ಳಿಯ ನವನಗರದಲ್ಲಿದೆ. ಮಲಪ್ರಭಾ ನೀರು ಐದಾರು ದಿನಕ್ಕೊಮ್ಮೆ ಬರುತ್ತದೆ, ಸಂಪಿಗೆ ತುಂಬಿಕೊಳ್ಳುತ್ತೇವೆ. ಬಳಕೆಗೆ ಬೋರ್ ಇದೆ. ಮೊನ್ನೆ ಮನೆಗೆ ಬಂದ ಸೇಲ್ಸ್ ಹುಡುಗ ಟಿಡಿಎಸ್ ಮೀಟರ್ ಅದ್ದಿದ. ನಳದ ನೀರಿಗೆ 180, ಬೋರಿಗೆ 1,340 ತೋರಿಸಿತು. ಆಮೇಲೆ ನಳದ ನೀರಿನಲ್ಲಿ ಎರಡು ಕಂಬಿ ಇಟ್ಟು ಕರೆಂಟ್ ಕೊಟ್ಟ. ನೀರೆಲ್ಲ ಕಂದು ಕೆಸರಾಯಿತು. ಆರ್‌ಒ ನೀರು ಮಾತ್ರ ಹಾಗೇ ಉಳಿಯಿತು. ನಮ್ಮ ಯಜಮಾನರು ಹೆದರಿ ಆರ್‌ಒ ತರೋಣ ಅನ್ನುತ್ತಿದ್ದಾರೆ. ಅತ್ತೆಯವರು ಬಟ್ಟೆಯಲ್ಲಿ ಸೋಸಿದರೆ ಸಾಕು ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಮೊದಲು ಆ ಕಂಬಿ ಆಟದ ವಿಷಯ ಮುಗಿಸೋಣ. ಅದರಲ್ಲಿ ಒಂದು ಕಬ್ಬಿಣದ ಕಂಬಿ. ಕರೆಂಟ್ ಹರಿದಾಗ ಕಬ್ಬಿಣವೇ ಕರಗಿ ತುಕ್ಕಾಗುತ್ತದೆ. ನೀವು ಕಂಡ ಕೆಸರು ಕಂಬಿಯದ್ದು, ನೀರಿನದ್ದಲ್ಲ. ಆರ್‌ಒ ಯಂತ್ರ ನೀರನ್ನು ಒತ್ತಡದಿಂದ ತೀರಾ ಸಣ್ಣ ರಂಧ್ರದ ಪೊರೆ (ಮೆಂಬ್ರೇನ್) ದಾಟಿಸಿ ಲವಣ ತೆಗೆಯುತ್ತದೆ. ಅದರ ನೀರಿನಲ್ಲಿ ಲವಣ ಕಮ್ಮಿ, ಕರೆಂಟ್ ಅಷ್ಟಾಗಿ ಹರಿಯುವುದಿಲ್ಲ, ಹಾಗಾಗಿ ಬಣ್ಣ ಬರಲಿಲ್ಲ. ಆ ಹುಡುಗ ಮತ್ತೆ ಬಂದರೆ ಅವನ ಆರ್‌ಒ ನೀರಿಗೇ ಒಂದು ಚಿಟಿಕೆ ಉಪ್ಪು ಹಾಕಿ ಕಂಬಿ ಅದ್ದಲು ಹೇಳಿ. ಅದೂ ಕೆಸರಾಗುತ್ತದೆ!

ಇನ್ನು ಟಿಡಿಎಸ್. ನೀರಿನಲ್ಲಿ ಕರಗಿದ ಲವಣ ಎಷ್ಟಿದೆ ಅಂತ ಆ ಮೀಟರ್ ಅಂದಾಜು ಹೇಳುತ್ತದೆ, ಅಷ್ಟೇ. ರೋಗಾಣು ಇದೆಯೋ ಇಲ್ಲವೋ ಅದಕ್ಕೆ ಗೊತ್ತಾಗುವುದಿಲ್ಲ. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕುಡಿಯುವ ನೀರಿನ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 2,000ದವರೆಗೂ ನಡೆಯುತ್ತದೆ. ನಿಮ್ಮ ನಳದ್ದು 180. ಅದಕ್ಕೆ ಆರ್‌ಒ ಯಾಕೆ? 500ಕ್ಕಿಂತ ಕಮ್ಮಿ ಇರುವ ಕಡೆ ಆರ್‌ಒ ಬಳಕೆ ನಿಷೇಧಿಸಿ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಕೇಂದ್ರ ಸರ್ಕಾರಕ್ಕೆ ಹೇಳಿತ್ತು.

ಹಾಗಂತ ಅತ್ತೆಯವರ ಬಟ್ಟೆ ಸಾಕಾಗುವುದಿಲ್ಲ. ಬಟ್ಟೆಗೆ ಕಸ ಸಿಗುತ್ತದೆ, ರೋಗಾಣು ಸಿಗುವುದಿಲ್ಲ. ನಿಮ್ಮ ಮನೆಯ ಅಸಲಿ ಚಿಂತೆ ಇರುವುದು ಸಂಪಿನಲ್ಲಿ. ನಳಕ್ಕೆ ಬರುವ ನೀರಿನಲ್ಲಿ ಸ್ವಲ್ಪ ಕ್ಲೋರಿನ್ ಉಳಿದಿರುತ್ತದೆ. ಐದಾರು ದಿನ ನಿಂತರೆ ಅದು ಕರಗಿ ಹೋಗುತ್ತದೆ. ಸಂಪಿನ ಗೋಡೆ ಬಿರುಕು ಬಿಟ್ಟಿದ್ದರೆ, ಮುಚ್ಚಳ ಸಡಿಲವಿದ್ದರೆ, ಪಕ್ಕದಲ್ಲೇ ಚರಂಡಿಯೋ ಪಾಯಿಖಾನೆ ಗುಂಡಿಯೋ ಇದ್ದರೆ ಹೊಲಸು ಒಳಗೆ ಇಳಿಯುತ್ತದೆ. ಇದಕ್ಕೆ ಯುವಿ, ಅಂದರೆ ನೇರಳಾತೀತ ಬೆಳಕಿನಿಂದ ರೋಗಾಣು ಕೊಲ್ಲುವ ಯಂತ್ರ ಸಾಕು. ಆದರೆ ಮಳೆಗಾಲದಲ್ಲಿ ನೀರು ಕದಡಿದ್ದರೆ ಯುವಿ ಬೆಳಕು ಒಳಗೆ ಹೋಗುವುದಿಲ್ಲ, ಮುಂದೆ ಮಣ್ಣು, ಕೆಸರು ಹಿಡಿಯುವ ಒಂದು ಸೆಡಿಮೆಂಟ್ ಫಿಲ್ಟರ್ ಇರಲೇಬೇಕು. ಕರೆಂಟ್ ಹೋಗುವುದು ಜಾಸ್ತಿಯಾದರೆ ಕರೆಂಟ್ ಬೇಡದ ಯುಎಫ್ (ಬ್ಯಾಕ್ಟೀರಿಯಾ ತಡೆಯುವಷ್ಟು ಸಣ್ಣ ರಂಧ್ರದ ಪೊರೆಯ ಫಿಲ್ಟರ್) ನೋಡಬಹುದು. ಖರ್ಚೇ ಬೇಡ ಅಂದರೆ ಸೋಸಿದ ನೀರನ್ನು ಕೊತಕೊತ ಒಂದು ನಿಮಿಷ ಕುದಿಸಿ, ಆರಿಸಿ ಕುಡಿಯಿರಿ.

ಒಂದು ವಿಷಯ ನೀವು ಬರೆದಿಲ್ಲ. ಅಡುಗೆಮನೆ ನಳಕ್ಕೆ ಯಾವ ನೀರು ಬರುತ್ತದೆ? ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ನಳದ ನೀರು, ಬೋರ್ ನೀರು ಎರಡೂ ಒಂದೇ ಟ್ಯಾಂಕಿಗೆ ಏರುತ್ತವೆ. ಹಾಗಿದ್ದರೆ ಆ 180ರ ಲೆಕ್ಕ ಸುಮ್ನೆ ಅಲ್ವಾ? ಪ್ಲಂಬರ್ ಕರೆಸಿ ಕುಡಿಯುವ ನೀರಿಗೆ ಬೇರೆ ಚಿಕ್ಕ ಟ್ಯಾಂಕ್, ಬೇರೆ ಪೈಪ್ ಮಾಡಿಸಿ. ಖರ್ಚು ಒಂದೇ ಸಲ. ಆರ್‌ಒ ಆದರೆ ಫಿಲ್ಟರ್ ಹೆಚ್ಚುಕಡಿಮೆ ವರ್ಷಕ್ಕೊಮ್ಮೆ, ಮೆಂಬ್ರೇನ್ ಎರಡು ಮೂರು ವರ್ಷಕ್ಕೊಮ್ಮೆ ಬದಲಿಸುತ್ತಲೇ ಇರಬೇಕು.

ಪ್ರಶ್ನೆ: ಮುಂಡರಗಿ ತಾಲ್ಲೂಕಿನ ಹಳ್ಳಿ ನಮ್ಮದು. ಬೋರ್ ನೀರು ಪರೀಕ್ಷೆ ಮಾಡಿಸಿದರೆ ಫ್ಲೋರೈಡ್ 2.4 ಬಂದಿದೆ. ಮಗನ ಹಲ್ಲಿನ ಮೇಲೆ ಕಂದು ಕಲೆ ಇದೆ. ಅವ್ವ ನೀರು ಕುದಿಸಿಯೇ ಕೊಡುತ್ತಾಳೆ. ಆರ್‌ಒ ಬೇಕಾ?

ಉತ್ತರ: ಬೇಕು. ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಎಷ್ಟೇ ಅಂದರೂ 1.5 ದಾಟಬಾರದು. ಅವ್ವನಿಗೆ ಇದನ್ನು ನಿಧಾನವಾಗಿ ತಿಳಿಸಿ ಹೇಳಿ: ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಊರಿಗೆ ತುಂಗಭದ್ರಾ ನದಿ ನೀರು ಬರುತ್ತಿದ್ದರೆ ಕುಡಿಯಲು, ಅಡುಗೆಗೆ ಅದೇ ಒಳ್ಳೆಯದು. ಬೋರೇ ಗತಿ ಅಂದರೆ ಆರ್‌ಒ ಹಾಕಿಸಿ. ಅನ್ನ, ಬೇಳೆ, ಚಹಾಕ್ಕೂ ಆ ನೀರನ್ನೇ ಬಳಸಿ.

ಮಷಿನ್ ಕೂಡಿಸಲು ಬಂದವರು ರುಚಿ ಬರಲಿ ಅಂತ ಟಿಡಿಎಸ್ ಕಂಟ್ರೋಲರ್ ತಿರುಗಿಸುವುದುಂಟು. ಅದು ಸೋಸಿದ ನೀರಿಗೆ ಸ್ವಲ್ಪ ಹಸಿ ನೀರು ಬೆರೆಸುತ್ತದೆ. ನಿಮ್ಮ ಮನೆಯಲ್ಲಿ ಹಾಗೆ ಮಾಡಿದರೆ ತೆಗೆದ ಫ್ಲೋರೈಡನ್ನೇ ತಿರುಗಿ ಹಾಕಿದ ಹಾಗೆ. ಅದನ್ನು ಪೂರ್ತಿ ಬಂದ್ ಮಾಡಿಸಿ. ಮಷಿನ್‌ನಿಂದ ಬಂದ ನೀರನ್ನೂ ಒಮ್ಮೆ ಫ್ಲೋರೈಡ್ ಪರೀಕ್ಷೆಗೆ ಕೊಡಿ, ಮೀಟರ್ ನಂಬಬೇಡಿ. ಮಗನ ಹಲ್ಲಿನ ಕಲೆ ನೀರು ಬದಲಿಸಿದರೆ ಹೋಗುವುದಿಲ್ಲ, ಅದಕ್ಕೆ ಹಲ್ಲಿನ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ಹಾವೇರಿಯಲ್ಲಿದ್ದೇವೆ. ಬೋರ್ ನೀರಿಗೆ ಆರ್‌ಒ ಹಾಕಿಸಿದ್ದೇವೆ. ಒಂದು ಕೊಡ ಒಳ್ಳೆ ನೀರಿಗೆ ಮೂರು ಕೊಡ ಗಟಾರಕ್ಕೆ ಹೋಗುತ್ತದೆ. ಗಿಡಕ್ಕೆ ಹಾಕಬಹುದಾ?

ಉತ್ತರ: ದಿನಾ ಬೇಡ. ಒಳಗೆ ಹೋದ ನೀರಿನ ಟಿಡಿಎಸ್ 1,200 ಇದ್ದರೆ ಹೊರಬೀಳುವ ನೀರಿನದ್ದು 1,600ರ ಹತ್ತಿರ ಇರುತ್ತದೆ. ಬರಬರುತ್ತಾ ಕುಂಡದ ಮಣ್ಣು ಸವುಳಾಗುತ್ತದೆ. ಪೈಪನ್ನು ಬಕೆಟಿಗೆ ಬಿಟ್ಟು ಸಂಡಾಸಿಗೆ, ನೆಲ ಒರೆಸಲು, ಅಂಗಳ ತೊಳೆಯಲು ಬಳಸಿ.